ಆ್ಯಪ್‌ಗೆ ದುಡ್ಡು ಯಾವ ದಾರಿಯಲ್ಲಿ ಕೊಡ್ತೀರಾ? ಮೊದಲು ನಿಲ್ಲಿಸೋ ಬಟನ್ ಎಲ್ಲಿದೆ ನೋಡಿ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹೋದ ಸಂಚಿಕೆ ಆದ್ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರು. "ಅಕ್ಕಾ, ಆ್ಯಪ್ ತಗೊಳ್ಳೋಕೆ ಯುಪಿಐ ಒಳ್ಳೇದಾ, ಕಾರ್ಡ್ ಒಳ್ಳೇದಾ?" ಒಂದೇ ಸಾಲಲ್ಲಿ ಉತ್ತರ ಕೊಡಬಹುದಿತ್ತು. ಆದ್ರೆ ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೀನಿ. ಅದರ ಬೆಲೆ ಕಟ್ಟಿದ್ದು ನಾನಲ್ಲ, ನಮ್ಮಪ್ಪ. ಅದಕ್ಕೆ ಇವತ್ತು ಪೂರ್ತಿ ಸಂಚಿಕೆ ಇದಕ್ಕೇ.

ಪೆಟ್ಟಿಗೆ ಕೂಗಲಿಲ್ಲ

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪಂದು ಚಿಕ್ಕ ಕಿರಾಣಿ ಅಂಗಡಿ. ಕೌಂಟರ್ ಮೇಲೆ ಕ್ಯೂಆರ್ ಕೋಡ್ ಇದೆ, ಪಕ್ಕದಲ್ಲಿ ಆ ಸೌಂಡ್ ಬಾಕ್ಸ್. ಯಾರಾದ್ರೂ ಹತ್ತು ರೂಪಾಯಿ ಹಾಕಿದ್ರೂ ಇಡೀ ಬೀದಿಗೆ ಕೇಳೋ ಹಾಗೆ ಕೂಗುತ್ತೆ. ಅಂಗಡಿಗೆ ಬರೋ ದುಡ್ಡು, ಹೋಲ್‌ಸೇಲ್‌ನವರಿಗೆ ಕೊಡೋ ದುಡ್ಡು, ಗಾಡಿಯ ಇಎಂಐ, ಎಲ್ಲ ಒಂದೇ ಅಕೌಂಟಲ್ಲಿ.

ತಂಗಿ ಆಗ ಸೆಕೆಂಡ್ ಪಿಯುಸಿ. ಇಂಗ್ಲಿಷ್ ಕಲಿಯೋ ಆ್ಯಪ್ ಒಂದು ಬೇಕು ಅಂದ್ಲು. ಏಳು ದಿನ ಉಚಿತ, ಆಮೇಲೆ ಬೇಕಾದ್ರೆ ಮುಂದುವರಿಸಬಹುದು ಅಂತ ಇತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಪ್ಪನ ಫೋನಲ್ಲೇ ಹಾಕಿಕೊಟ್ಟೆ. ಪೇಮೆಂಟ್ ಹೇಗೆ ಅಂತ ಕೇಳ್ತು, ಯುಪಿಐ ಆಟೋಪೇ ಒತ್ತಿದೆ. ಫೋನನ್ನ ಅಪ್ಪನ ಕೈಗೆ ಕೊಟ್ಟು "ಪಿನ್ ಹಾಕಿ ಅಪ್ಪ" ಅಂದೆ. ಅವರು ಸ್ಕ್ರೀನ್ ನೋಡಲಿಲ್ಲ. ನನ್ನ ಮುಖ ನೋಡಿ ಹಾಕಿದ್ರು. ಬಿಕಾಂ ಓದಿದ ಮಗಳು ಹೇಳ್ತಿದ್ದಾಳೆ ಅಂದ್ರೆ ಸರಿ ಇರುತ್ತೆ ಅಂತ.

ನಾನು ಬೆಂಗಳೂರಿಗೆ ವಾಪಸ್ ಬಂದೆ, ಮರೆತೆ. ತಂಗಿ ಎರಡು ದಿನ ಬಳಸಿ, ಇಷ್ಟ ಆಗದೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ಲು. ಅವಳ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗೀತು. ಎಂಟನೇ ದಿನ ಇಡೀ ವರ್ಷದ ಚಂದಾ, 2,399 ರೂಪಾಯಿ, ಅಕೌಂಟಿಂದ ಹೋಯ್ತು. ದುಡ್ಡು ಬಂದಾಗ ಪೆಟ್ಟಿಗೆ ಕೂಗುತ್ತೆ, ಹೋದಾಗ ಸುಮ್ಮನಿರುತ್ತೆ. ಅದರ ಹಿಂದಿನ ದಿನ ಮೆಸೇಜ್ ಬಂದಿತ್ತು, ಇಂಗ್ಲಿಷಲ್ಲಿ, ಹತ್ತಾರು ಆಫರ್ ಮೆಸೇಜ್‌ಗಳ ಮಧ್ಯೆ. ಯಾರೂ ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಗಾಡಿಯ ಇಎಂಐ ಬೌನ್ಸ್ ಆಯ್ತು. ಬ್ಯಾಂಕಿನ ಚಾರ್ಜ್ ಒಂದು, ಸಾಲ ಕೊಟ್ಟವರ ಚಾರ್ಜ್ ಇನ್ನೊಂದು, ಎರಡೂ ಸೇರಿ ಇನ್ನೊಂದು 900ರ ಹತ್ತಿರ. ಆವತ್ತಿನವರೆಗೆ ಒಂದು ಕಂತೂ ತಪ್ಪಿಸದ ಮನುಷ್ಯ ನಮ್ಮಪ್ಪ. ಬ್ಯಾಂಕಿಗೆ ಹೋಗಿ ಕೇಳಿದಾಗ ಅಲ್ಲಿದ್ದವರು ಒಂದೇ ಮಾತು ಹೇಳಿದ್ರಂತೆ: "ಪಿನ್ ಹಾಕಿದ್ದು ನೀವೇ ತಾನೇ?"

ಅಪ್ಪ ನನಗೆ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆ ದಿನದಿಂದ ನನ್ನ ಪ್ರಶ್ನೆ ಬದಲಾಯ್ತು. ಯಾವ ದಾರಿಯಲ್ಲಿ ದುಡ್ಡು ಕೊಡೋದು ಸುಲಭ ಅಂತ ನಾನು ಕೇಳಲ್ಲ. ಈಗ ಎಲ್ಲವೂ ಸುಲಭವೇ. ಯಾವ ದಾರಿಯನ್ನ ನಿಲ್ಲಿಸೋದು ಸುಲಭ ಅಂತ ಕೇಳ್ತೀನಿ.

ಮೂರು ಪ್ರಶ್ನೆ

ಆ್ಯಪ್ ಸ್ಟೋರಲ್ಲಿ ಪೇಮೆಂಟ್ ಆಯ್ಕೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಈ ದಾರಿಗೆ ಎಷ್ಟು ದುಡ್ಡು ಕೈಗೆ ಸಿಗುತ್ತೆ? ಅಂದ್ರೆ ಏನಾದ್ರೂ ಎಡವಟ್ಟಾದ್ರೆ ಹೆಚ್ಚೆಂದರೆ ಎಷ್ಟು ಹೋಗಬಹುದು?

ಎರಡು, ನಿಲ್ಲಿಸೋ ಬಟನ್ ಎಲ್ಲಿದೆ? ನನ್ನ ಫೋನಲ್ಲೇ ಇದೆಯಾ, ಬ್ಯಾಂಕಿಗೆ ಫೋನ್ ಮಾಡಬೇಕಾ?

ಮೂರು, ತಪ್ಪಾದ್ರೆ ಯಾರನ್ನ ಕೇಳಬೇಕು, ಎಷ್ಟು ದಿನದೊಳಗೆ?

ಇನ್ನೊಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ಆ್ಯಪ್‌ನಲ್ಲಿ ದುಡ್ಡು ಹೋಗೋದು ಮೂರು ರೀತಿ. ಒಂದೇ ಸಲ ಕೊಟ್ಟು ಆ್ಯಪ್ ಕೊಳ್ಳೋದು. ಗೇಮ್ ಒಳಗೆ ಕಾಯಿನ್, ಸ್ಕಿನ್ ಅಂತ ಚೂರುಚೂರಾಗಿ ಕೊಳ್ಳೋದು. ಮೂರನೇದು ಸಬ್‌ಸ್ಕ್ರಿಪ್ಷನ್, ಅಂದ್ರೆ ನಾವು ನಿಲ್ಲಿಸೋವರೆಗೂ ತಿಂಗಳು ತಿಂಗಳು ಅಥವಾ ವರ್ಷ ವರ್ಷ ತಾನಾಗೇ ಹೋಗೋದು. ಮೊದಲನೇದಕ್ಕೆ ಯಾವ ದಾರಿ ಆದ್ರೂ ಹೆಚ್ಚು ವ್ಯತ್ಯಾಸ ಇಲ್ಲ. ಕೊನೆ ಎರಡಕ್ಕೆ ದಾರಿ ತುಂಬಾ ಮುಖ್ಯ.

ಒಂದೊಂದೇ ದಾರಿ ನೋಡೋಣ

ಡೆಬಿಟ್ ಕಾರ್ಡ್. ಇದು ನೇರ ನಿಮ್ಮ ಉಳಿತಾಯ ಖಾತೆಗೆ ಹೋಗೋ ಬಾಗಿಲು. ಸಂಬಳ ಬರೋ ಅಕೌಂಟಿನ ಡೆಬಿಟ್ ಕಾರ್ಡನ್ನ ಸ್ಟೋರಲ್ಲಿ ಸೇರಿಸಿದ್ರೆ, ಬಾಡಿಗೆ ದುಡ್ಡು, ಇಎಂಐ ದುಡ್ಡು ಎಲ್ಲ ಅದೇ ಬಾಗಿಲ ಹಿಂದೆ ಇರುತ್ತೆ. ತಪ್ಪಾಗಿ ಹೋದ್ರೆ ಹೋಗೋದು ನಿಮ್ಮ ನಗದು. ವಾಪಸ್ ಬರೋವರೆಗೆ ನೀವು ಕಾಯಬೇಕು. ಒಳ್ಳೆ ಅಂಶ ಅಂದ್ರೆ, ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದ ಕಾರ್ಡಿನ ಆನ್‌ಲೈನ್ ಬಳಕೆಯನ್ನ ನೀವೇ ಆನ್, ಆಫ್ ಮಾಡಬಹುದು, ಮಿತಿ ಇಡಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್ ಅಂತ ಇರುತ್ತೆ, ಅಲ್ಲಿ ನೋಡಿ. ದಿನಕ್ಕೆ 500 ಅಂತ ಮಿತಿ ಇಟ್ಟರೆ ಬಾಗಿಲು ಅಷ್ಟೇ ತೆರೆಯುತ್ತೆ.

ಕ್ರೆಡಿಟ್ ಕಾರ್ಡ್. ಇಲ್ಲಿ ಮೊದಲು ಹೋಗೋದು ಬ್ಯಾಂಕಿನ ದುಡ್ಡು. ಬಿಲ್ ಬಂದಾಗ ನೀವು ಕಟ್ಟೋದು. ತಪ್ಪು ಚಾರ್ಜ್ ಬಿದ್ದರೆ ಬ್ಯಾಂಕಿಗೆ ತಕರಾರು ಹಾಕೋಕೆ ಸಮಯ ಸಿಗುತ್ತೆ, ಅಷ್ಟರಲ್ಲಿ ನಿಮ್ಮ ಬಾಡಿಗೆ ದುಡ್ಡು ಎಲ್ಲೂ ಹೋಗಿರಲ್ಲ. ನಮ್ಮಪ್ಪನ ಪ್ರಕರಣದಲ್ಲಿ ಹೀಗಾಗಿದ್ರೆ ಇಎಂಐ ಬೌನ್ಸ್ ಆಗ್ತಿರಲಿಲ್ಲ. ಆದ್ರೆ ಬಿಲ್ ಪೂರ್ತಿ ಕಟ್ಟೋ ಅಭ್ಯಾಸ ಇಲ್ಲದವರಿಗೆ 199 ರೂಪಾಯಿ ಆ್ಯಪ್ ಕೂಡ ಬಡ್ಡಿ ಸೇರಿ ದುಬಾರಿ ಆಗುತ್ತೆ. ಅಂಥವರು ಇದರಿಂದ ದೂರ ಇರಿ.

ಯುಪಿಐ, ಒಂದೇ ಸಲದ ಪೇಮೆಂಟ್. ಸಾಮಾನ್ಯವಾಗಿ ಪ್ರತಿ ಸಲ ಪಿನ್ ಹಾಕಬೇಕು. ಆ ಪಿನ್ ಹಾಕೋ ಎರಡು ಸೆಕೆಂಡೇ ನಿಮಗೆ ಯೋಚನೆ ಮಾಡೋಕೆ ಸಿಗೋ ಸಮಯ. ಗೇಮ್ ಕಾಯಿನ್ ಕೊಳ್ಳೋ ಅಭ್ಯಾಸ ಇರೋವ್ರಿಗೆ ಈ ಅಡಚಣೆ ಒಳ್ಳೇದೇ. ನೆನಪಿಡಿ, ದುಡ್ಡು ಪಡೆಯೋಕೆ ಪಿನ್ ಬೇಕಾಗಲ್ಲ. "ರೀಫಂಡ್ ಬರಬೇಕಾದ್ರೆ ಪಿನ್ ಹಾಕಿ" ಅಂತ ಯಾರಾದ್ರೂ ಹೇಳಿದ್ರೆ ಅದು ಮೋಸ.

ಯುಪಿಐ ಆಟೋಪೇ. ಹೆಸರು ಒಂದೇ ಥರ ಇದ್ರೂ ಇದು ಬೇರೆ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ 2020ರಲ್ಲಿ ಇದನ್ನ ಶುರು ಮಾಡ್ತು. ಗೂಗಲ್ ಪ್ಲೇಯಲ್ಲಿ ಸಬ್‌ಸ್ಕ್ರಿಪ್ಷನ್‌ಗೆ ಇದು ಬಂದಿದ್ದು 2022ರ ನವೆಂಬರಲ್ಲಿ. ಮೊದಲ ಸಲ ಪಿನ್ ಹಾಕಿ ಅನುಮತಿ ಕೊಡ್ತೀರಿ, ಅದಕ್ಕೆ ಮ್ಯಾಂಡೇಟ್ ಅಂತಾರೆ. ಆಮೇಲೆ ಪ್ರತಿ ಕಂತಿಗೂ ಪಿನ್ ಕೇಳಲ್ಲ. ಇಲ್ಲೇ ನಾನು ಎಡವಿದ್ದು. ಮ್ಯಾಂಡೇಟ್ ಸ್ಕ್ರೀನಲ್ಲಿ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ದಿನಾಂಕದವರೆಗೆ ಅಂತ ಬರೆದಿರುತ್ತೆ. ಕೆಲವು ಸಲ ಅಲ್ಲಿ ಕಾಣೋದು ಆ್ಯಪ್‌ನ ಬೆಲೆ ಅಲ್ಲ, ಗರಿಷ್ಠ ಮೊತ್ತ. ಆ ಸ್ಕ್ರೀನನ್ನ ಓದದೆ ಪಿನ್ ಹಾಕೋದು, ಖಾಲಿ ಕಾಗದಕ್ಕೆ ಸಹಿ ಹಾಕಿದ ಹಾಗೆ. ಒಳ್ಳೆ ಅಂಶನೂ ಇದೆ. ನಿಲ್ಲಿಸೋ ಬಟನ್ ನಿಮ್ಮ ಯುಪಿಐ ಆ್ಯಪ್ ಒಳಗೇ ಇರುತ್ತೆ. ಆಟೋಪೇ ಅಥವಾ ಮ್ಯಾಂಡೇಟ್ ಅನ್ನೋ ಕಡೆ ಹೋದ್ರೆ ನೀವು ಯಾರ್ಯಾರಿಗೆ ಅನುಮತಿ ಕೊಟ್ಟಿದ್ದೀರಿ ಅಂತ ಪಟ್ಟಿ ಸಿಗುತ್ತೆ. ಇಂಥ ಸಬ್‌ಸ್ಕ್ರಿಪ್ಷನ್ ಮ್ಯಾಂಡೇಟನ್ನ ಅಲ್ಲೇ ರದ್ದು ಮಾಡಬಹುದು. ಬ್ಯಾಂಕಿಗೆ ಹೋಗಬೇಕಿಲ್ಲ.

ನೆಟ್ ಬ್ಯಾಂಕಿಂಗ್. ಪಾಸ್‌ವರ್ಡ್, ಒಟಿಪಿ ಎಲ್ಲ ಹಾಕಿ ಕೊಡೋದು. ನಿಧಾನ, ಆದ್ರೆ ಅಪರೂಪಕ್ಕೆ ಒಂದು ದೊಡ್ಡ ಆ್ಯಪ್ ಕೊಳ್ಳೋವ್ರಿಗೆ ತೊಂದರೆ ಇಲ್ಲ. ಇದೂ ಮುಖ್ಯ ಖಾತೆಯ ಬಾಗಿಲೇ ಅನ್ನೋದು ನೆನಪಿರಲಿ.

ಸ್ಟೋರ್ ಬ್ಯಾಲೆನ್ಸ್, ರೀಚಾರ್ಜ್ ಕೋಡ್, ಗಿಫ್ಟ್ ಕಾರ್ಡ್. ಮೊದಲೇ 100, 200, 500 ಅಂತ ತುಂಬಿಸಿಟ್ಟು ಅದರಿಂದ ಖರ್ಚು ಮಾಡೋದು. ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಎಷ್ಟು ತುಂಬಿಸಿದ್ದೀರೋ ಅಷ್ಟೇ ಹೋಗಬಹುದು, ಒಂದು ರೂಪಾಯಿ ಹೆಚ್ಚಿಲ್ಲ. ಕಾಲೇಜು ಹುಡುಗರಿಗೆ, ಗೇಮ್ ಆಡೋ ಮಕ್ಕಳಿಗೆ ಇದು ಸರಿಯಾದ ದಾರಿ. ಆದ್ರೆ ಒಂದು ಸಲ ಒಳಗೆ ಹೋದ ದುಡ್ಡನ್ನ ಬ್ಯಾಂಕಿಗೆ ವಾಪಸ್ ತರೋಕೆ ಆಗಲ್ಲ. ಒಂದು ದೇಶದ ಬ್ಯಾಲೆನ್ಸ್ ಇನ್ನೊಂದು ದೇಶದ ಸ್ಟೋರಲ್ಲಿ ನಡೆಯಲ್ಲ. ದುಬೈಗೋ ಕೆನಡಾಕ್ಕೋ ಹೊರಟಿದ್ದೀರಾ, ಅಕೌಂಟಿನ ದೇಶ ಬದಲಿಸೋ ಮೊದಲು ಇಲ್ಲಿನ ಬ್ಯಾಲೆನ್ಸ್ ಖರ್ಚು ಮಾಡಿಬಿಡಿ.

ಮೊಬೈಲ್ ಬಿಲ್. ಕೆಲವು ಟೆಲಿಕಾಂ ಕಂಪನಿಗಳ ಸಿಮ್ ಇದ್ರೆ ಆ್ಯಪ್ ದುಡ್ಡನ್ನ ಪೋಸ್ಟ್‌ಪೇಯ್ಡ್ ಬಿಲ್‌ಗೆ ಸೇರಿಸಬಹುದು, ಪ್ರೀಪೇಯ್ಡ್ ಆದ್ರೆ ಮುಖ್ಯ ಬ್ಯಾಲೆನ್ಸಿಂದ ಕತ್ತರಿಸುತ್ತೆ. ಕಾರ್ಡೂ ಬೇಡ, ಬ್ಯಾಂಕೂ ಬೇಡ. ಆದ್ರೆ ತಿಂಗಳ ಕೊನೆಗೆ ಬಿಲ್ ಬಂದಾಗಲೇ ಲೆಕ್ಕ ಕಣ್ಣಿಗೆ ಬೀಳೋದು. ಮನೆಯಲ್ಲಿ ನಾಲ್ಕು ನಂಬರ್ ಒಂದೇ ಬಿಲ್ಲಲ್ಲಿದ್ರೆ ಯಾರು ಏನು ಕೊಂಡ್ರು ಅಂತ ಹುಡುಕೋದೇ ಒಂದು ಕೆಲಸ.

ಐಫೋನ್‌ನವರಿಗೆ ಕಾರ್ಡ್ ಯಾಕೆ ಹೋಯ್ತು?

2022ರಲ್ಲಿ ಐಫೋನ್ ಇಟ್ಟುಕೊಂಡಿದ್ದ ತುಂಬಾ ಜನಕ್ಕೆ ಒಂದು ಆಶ್ಚರ್ಯ ಕಾದಿತ್ತು. ಆಪಲ್ ಆಪ್ ಸ್ಟೋರಲ್ಲಿ ಭಾರತದ ಡೆಬಿಟ್, ಕ್ರೆಡಿಟ್ ಕಾರ್ಡ್ ತಗೊಳ್ಳೋದನ್ನ ನಿಲ್ಲಿಸಿಬಿಡ್ತು. ಯುಪಿಐ, ನೆಟ್ ಬ್ಯಾಂಕಿಂಗ್, ಆಪಲ್ ಬ್ಯಾಲೆನ್ಸ್ ಬಳಸಿ ಅಂತು. ಬಳಸೋವ್ರು ಏನೂ ತಪ್ಪು ಮಾಡಿರಲಿಲ್ಲ. ಹಿನ್ನೆಲೆಯಲ್ಲಿ ಇದ್ದಿದ್ದು ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳು.

ಒಂದು, ತಾನಾಗೇ ಹೋಗೋ ಪೇಮೆಂಟ್‌ಗಳ ನಿಯಮ. ಇದು 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂತು. ಮೊದಲ ಸಲ ಒಟಿಪಿ ಅಥವಾ ಪಿನ್ ಥರದ ಹೆಚ್ಚುವರಿ ದೃಢೀಕರಣ ಬೇಕೇ ಬೇಕು. ಆಮೇಲೆ ಪ್ರತಿ ಕಂತು ಹೋಗೋಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ತಿಳಿಸಲೇಬೇಕು. ಯಾರಿಗೆ, ಎಷ್ಟು, ಯಾವತ್ತು ಅಂತ ಅದರಲ್ಲಿ ಇರಬೇಕು, ಬೇಡ ಅನ್ನೋ ಅವಕಾಶವೂ ಇರಬೇಕು. ಆಗ ಒಟಿಪಿ ಇಲ್ಲದೆ ಹೋಗೋ ಕಂತಿನ ಮಿತಿ 5,000 ರೂಪಾಯಿ ಇತ್ತು. 2022ರ ಜೂನಲ್ಲಿ ಅದನ್ನ 15,000ಕ್ಕೆ ಏರಿಸಿದ್ರು.

ಇದನ್ನ ಇನ್ನೊಂದು ಸಲ ಓದಿ. 15,000ದೊಳಗಿನ ಕಂತು ನಿಮ್ಮನ್ನ ಮತ್ತೆ ಕೇಳಲ್ಲ, ಬರೀ ತಿಳಿಸುತ್ತೆ. ನಾವೆಲ್ಲ ಕೊಳ್ಳೋ ಆ್ಯಪ್‌ಗಳ ಬೆಲೆ ಹೆಚ್ಚುಕಡಿಮೆ ಈ ಮಿತಿ ಒಳಗೇ ಬರುತ್ತೆ. ಹಾಗಾಗಿ ಆ 24 ಗಂಟೆ ಮೊದಲಿನ ಮೆಸೇಜೇ ನಿಮ್ಮ ಕೊನೆಯ ಬಾಗಿಲು. ನಮ್ಮಪ್ಪನ ಫೋನಿಗೆ ಬಂದಿದ್ದೂ ಅದೇ. ನಿಯಮ ತನ್ನ ಕೆಲಸ ಮಾಡಿತ್ತು. ಮೆಸೇಜ್ ಓದೋವ್ರು ಯಾರೂ ಇರಲಿಲ್ಲ.

ಎರಡು, ಟೋಕನ್ ನಿಯಮ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ನಿಮ್ಮ ಪೂರ್ತಿ ಕಾರ್ಡ್ ನಂಬರನ್ನ ತಮ್ಮ ಹತ್ತಿರ ಇಟ್ಟುಕೊಳ್ಳೋ ಹಾಗಿಲ್ಲ. ಅದರ ಬದಲು ಟೋಕನ್ ಅನ್ನೋ ಒಂದು ಬದಲಿ ಗುರುತು ಇರುತ್ತೆ. ಒಬ್ಬ ವ್ಯಾಪಾರಿಯ ಟೋಕನ್ ಕಳುವಾದ್ರೂ ಅದನ್ನ ಬೇರೆ ಕಡೆ ಬಳಸೋಕೆ ಆಗಲ್ಲ. ಆದ್ದರಿಂದ "ಕಾರ್ಡ್ ಸೇವ್ ಮಾಡಬೇಕಾ" ಅಂತ ಕೇಳಿದಾಗ ಮೊದಲಿನಷ್ಟು ಭಯ ಬೇಡ. ನಿಮ್ಮ ನಂಬರ್ ಅಲ್ಲಿ ಉಳಿಯಲ್ಲ. ಆದ್ರೆ ಅನುಮತಿ ಉಳಿಯುತ್ತೆ, ಅದರ ಮೇಲೆ ಕಣ್ಣಿಡಿ.

ಅನ್‌ಇನ್‌ಸ್ಟಾಲ್ ಮಾಡಿದ್ರೆ ಮುಗೀತಾ?

ಇಲ್ಲ. ತಂಗಿ ಮಾಡಿದ ತಪ್ಪು ಇದೇ, ನಾವೆಲ್ಲ ಮಾಡೋದೂ ಇದೇ. ಆ್ಯಪ್ ತೆಗೆದ್ರೆ ಫೋನಿಂದ ಆ್ಯಪ್ ಹೋಗುತ್ತೆ, ಸಬ್‌ಸ್ಕ್ರಿಪ್ಷನ್ ಹೋಗಲ್ಲ. ಹಾಲು ಹಾಕೋವ್ನಿಗೆ ಹೇಳದೆ ಮನೆಗೆ ಬೀಗ ಹಾಕಿ ಊರಿಗೆ ಹೋದ್ರೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಬೀಳ್ತಾನೇ ಇರುತ್ತಲ್ಲ, ಹಾಗೆ.

ನಿಲ್ಲಿಸೋ ಕ್ರಮ ಹೀಗೆ. ಆಂಡ್ರಾಯ್ಡ್ ಆದ್ರೆ ಪ್ಲೇ ಸ್ಟೋರ್ ತೆರೆದು, ಮೇಲೆ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್ ಅನ್ನೋ ಕಡೆ ಹೋಗಿ ರದ್ದು ಮಾಡಿ. ಐಫೋನ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ. ಅದಾದ ಮೇಲೆ ಯುಪಿಐ ಆ್ಯಪ್ ತೆರೆದು ಮ್ಯಾಂಡೇಟ್ ಇನ್ನೂ ಇದೆಯಾ ನೋಡಿ. ಕಾರ್ಡ್ ಆಗಿದ್ರೆ ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆ ನೋಡಿ. ಎರಡೂ ಕಡೆ ಬೀಗ ಬಿದ್ದರೆ ಮಾತ್ರ ನಿದ್ದೆ.

ಎರಡು ಬಿಲ್ಲಿಂಗ್ ಆಯ್ಕೆ ಕಂಡರೆ

ಕೆಲವು ಆ್ಯಪ್‌ಗಳಲ್ಲಿ ದುಡ್ಡು ಕಟ್ಟೋವಾಗ ಎರಡು ಆಯ್ಕೆ ತೋರಿಸುತ್ತೆ: ಒಂದು ಗೂಗಲ್ ಪ್ಲೇ, ಇನ್ನೊಂದು ಆ ಆ್ಯಪ್‌ನವರದ್ದೇ ವ್ಯವಸ್ಥೆ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಲ್ಲಿ, ತನ್ನ ಬಿಲ್ಲಿಂಗನ್ನೇ ಬಳಸಬೇಕು ಅಂತ ಆ್ಯಪ್ ಮಾಡೋವ್ರನ್ನ ಕಟ್ಟಿಹಾಕಿದ್ದಕ್ಕೆ ಗೂಗಲ್ ಮೇಲೆ 936.44 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ 2025ರ ಮಾರ್ಚಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನ 216.69 ಕೋಟಿಗೆ ಇಳಿಸ್ತು. ಈ ಜಗಳದಿಂದ ನಮಗೆ ಸಿಕ್ಕಿದ್ದು ಈ ಎರಡನೇ ಆಯ್ಕೆ.

ಎರಡನೇದು ಕೆಲವೊಮ್ಮೆ ಅಗ್ಗ ಇರಬಹುದು. ಆದ್ರೆ ಅದನ್ನ ಒತ್ತಿದ್ರೆ ಆ ವ್ಯವಹಾರ ನಿಮ್ಮ ಮತ್ತು ಆ್ಯಪ್ ಕಂಪನಿಯ ನಡುವೆ. ರೀಫಂಡ್ ಬೇಕು ಅಂದ್ರೆ ಅವರನ್ನೇ ಕೇಳಬೇಕು. ಗೊತ್ತಿರೋ, ನಂಬಿಕೆ ಇರೋ ಕಂಪನಿ ಆದ್ರೆ ಸರಿ. ನಿನ್ನೆ ಜಾಹೀರಾತಲ್ಲಿ ಕಂಡ ಆ್ಯಪ್ ಆದ್ರೆ ಸ್ಟೋರಿನ ದಾರಿಯಲ್ಲೇ ಹೋಗಿ.

ದುಡ್ಡು ಹೋಗಿಬಿಟ್ಟಿದೆ, ಈಗೇನು?

ಮೊದಲು ಗಡಿಯಾರ ನೋಡಿ. ಗೂಗಲ್ ಪ್ಲೇಯಲ್ಲಿ ಕೊಂಡು 48 ಗಂಟೆ ಒಳಗಾದ್ರೆ ಗೂಗಲ್‌ಗೇ ರೀಫಂಡ್ ಅರ್ಜಿ ಹಾಕಬಹುದು, ಸಿಗೋದು ಆ ಖರೀದಿಯ ವಿವರದ ಮೇಲೆ. 48 ಗಂಟೆ ದಾಟಿದ್ರೆ ಆ್ಯಪ್ ಮಾಡಿದವರನ್ನ ಸಂಪರ್ಕಿಸಿ ಅಂತಾರೆ. ಆಪಲ್‌ನಲ್ಲಿ "ರಿಪೋರ್ಟ್ ಎ ಪ್ರಾಬ್ಲಂ" ಅನ್ನೋ ಪುಟದಲ್ಲಿ ಕೇಳಬಹುದು. ನಮ್ಮನೆಯಲ್ಲಿ ಗೊತ್ತಾಗಿದ್ದೇ ನಾಲ್ಕನೇ ದಿನ. ಆ್ಯಪ್‌ನವರಿಗೆ ಮೂರು ಮೇಲ್ ಹಾಕಿದೆ, ಉತ್ತರ ಬರಲಿಲ್ಲ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಇದೆ. ನಿಮಗೆ ಗೊತ್ತೇ ಇಲ್ಲದೆ ಬೇರೆ ಯಾರೋ ದುಡ್ಡು ತೆಗೆದಿದ್ರೆ ಅದು ಅನಧಿಕೃತ ವಹಿವಾಟು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಇದ್ದು, ನೀವು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ್ರೆ ನಷ್ಟ ನಿಮ್ಮ ಮೇಲೆ ಬರಲ್ಲ. ನಾಲ್ಕರಿಂದ ಏಳು ದಿನ ಆದ್ರೆ ಒಂದು ಮಿತಿವರೆಗೆ ನಿಮ್ಮ ಪಾಲು ಇರುತ್ತೆ. ಆದ್ರೆ ನೀವೇ ಪಿನ್ ಹಾಕಿ ಒಪ್ಪಿಗೆ ಕೊಟ್ಟ ಸಬ್‌ಸ್ಕ್ರಿಪ್ಷನ್ ಮರೆತುಹೋಗಿದ್ರೆ ಅದು ಅನಧಿಕೃತ ಅಲ್ಲ. ಬ್ಯಾಂಕಿನವರು ನಮ್ಮಪ್ಪನಿಗೆ ಹೇಳಿದ್ದು ಕೇಳೋಕೆ ಒರಟು, ಆದ್ರೆ ಆ ಮಟ್ಟಿಗೆ ಸರಿ.

ಹಾಗಂತ ಆ್ಯಪ್ ಕಂಪನಿ ಏನು ಬೇಕಾದ್ರೂ ಮಾಡಬಹುದು ಅಂತಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದ್ರೆ ಗ್ರಾಹಕರನ್ನ ದಾರಿ ತಪ್ಪಿಸೋ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ತಂದಿದೆ. ಅದರಲ್ಲಿ 13 ಬಗೆಯ ತಂತ್ರಗಳ ಪಟ್ಟಿ ಇದೆ. ಒಂದರ ಹೆಸರು ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್. ರದ್ದು ಮಾಡೋ ಬಟನ್ ಬಚ್ಚಿಡೋದು, ರದ್ದತಿಯನ್ನ ಸುತ್ತುಬಳಸು ಮಾಡೋದು ಮಾತ್ರ ಅಲ್ಲ, ಉಚಿತ ಚಂದಾ ಕೊಡ್ತೀವಿ ಅಂತ ಹೇಳಿ ಆಟೋ ಡೆಬಿಟ್ ಅನುಮತಿಗೆ ಒತ್ತಾಯ ಮಾಡೋದೂ ಅದರಲ್ಲಿ ಸೇರಿದೆ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ನಾವು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ. ನೀವು ತೆಗೀರಿ. ಉಚಿತ ಟ್ರಯಲ್‌ನ ಮೊದಲ ಪರದೆಯಿಂದಲೇ ತೆಗೀರಿ.

ಮೋಸವೇ ಆಗಿದ್ರೆ, ಅಂದ್ರೆ ಯಾರೋ ಫೋನ್ ಮಾಡಿ ಸ್ಕ್ರೀನ್ ಶೇರ್ ಮಾಡಿಸಿ ದುಡ್ಡು ತೆಗೆದಿದ್ರೆ, ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ಇನ್ನೊಂದು: "ದಂಡ ಕಟ್ಟಬೇಕು, ಗಿಫ್ಟ್ ಕಾರ್ಡ್ ಕೊಂಡು ಕೋಡ್ ಕಳಿಸಿ" ಅಂತ ಯಾವ ಪೊಲೀಸರೂ, ಯಾವ ಬ್ಯಾಂಕಿನವರೂ, ಯಾವ ಕೊರಿಯರ್‌ನವರೂ ಕೇಳಲ್ಲ. ಕೋಡ್ ಹೇಳಿದ್ರೆ ದುಡ್ಡು ಹೋದ ಹಾಗೇ.

ಹಾಗಾದ್ರೆ ಯಾರಿಗೆ ಯಾವುದು?

ಕಾಲೇಜಲ್ಲಿದ್ದೀರಾ, ಮನೆಯವರು ಕಳಿಸೋ ದುಡ್ಡಲ್ಲಿ ತಿಂಗಳು ತಳ್ಳಬೇಕಾ? ಸ್ಟೋರ್ ಬ್ಯಾಲೆನ್ಸ್ ತುಂಬಿಸಿ ಬಳಸಿ, ಇಲ್ಲಾಂದ್ರೆ ಒಂದೇ ಸಲದ ಯುಪಿಐ. ಆಟೋಪೇ ಬೇಡ. ತಿಂಗಳ ಪ್ಲಾನ್ ಬೇಕೇ ಬೇಕು ಅಂದ್ರೆ, ಆಯ್ಕೆ ಸಿಕ್ಕಿದ್ರೆ, ತಾನಾಗೇ ನವೀಕರಣ ಆಗದ ಒಂದು ತಿಂಗಳ ಪ್ಲಾನ್ ತಗೊಳ್ಳಿ.

ಕೆಲಸಕ್ಕೆ ಸೇರಿದ್ದೀರಾ, ಎರಡು ಮೂರು ಸಬ್‌ಸ್ಕ್ರಿಪ್ಷನ್ ನಿಜವಾಗ್ಲೂ ಬಳಸ್ತೀರಾ? ಒಂದು ಎರಡನೇ ಅಕೌಂಟ್ ಇಟ್ಟುಕೊಳ್ಳಿ. ಮಿನಿಮಮ್ ಬ್ಯಾಲೆನ್ಸ್ ಕೇಳದ ಖಾತೆ ಸಿಗುತ್ತಾ ಅಂತ ವಿಚಾರಿಸಿ ತೆರೀರಿ. ಸಂಬಳ ಬಂದ ದಿನ ಅದಕ್ಕೆ 500ರೋ 1,000ವೋ ಹಾಕಿ. ಆಟೋಪೇ ಎಲ್ಲ ಅಲ್ಲಿಂದಲೇ. ಅಲ್ಲಿ ದುಡ್ಡು ಇಲ್ಲದಿದ್ರೆ ಆ್ಯಪ್ ನಿಲ್ಲುತ್ತೆ ಅಷ್ಟೇ, ಬಾಡಿಗೆ ನಿಲ್ಲಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲನ್ನ ಪ್ರತಿ ತಿಂಗಳು ಪೂರ್ತಿ ಕಟ್ಟೋವ್ರಾದ್ರೆ ಅದೂ ಒಳ್ಳೆ ದಾರಿ.

ಅಪ್ಪ ಅಮ್ಮನ ಫೋನಾ? ಅವರ ಮುಖ್ಯ ಅಕೌಂಟಿಗೆ ಆಟೋಪೇ ಹಾಕಲೇಬೇಡಿ. ಅವರಿಗೊಂದು ಆ್ಯಪ್ ಬೇಕು ಅಂದ್ರೆ ನಿಮ್ಮ ದುಡ್ಡಲ್ಲಿ ಕೊಡಿಸಿ.

ಮಕ್ಕಳ ಕೈಗೆ ಫೋನ್ ಹೋಗುತ್ತಾ? ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳೋ ಹಾಗೆ ಇಡಿ. ಯುಪಿಐ ಪಿನ್ ಅಂತೂ ಯಾವ ಕಾರಣಕ್ಕೂ ಹೇಳಿಕೊಡಬೇಡಿ.

ಎಲ್ಲರಿಗೂ ಒಂದು ಅಭ್ಯಾಸ. ಉಚಿತ ಟ್ರಯಲ್ ಶುರು ಮಾಡಿದ ಕ್ಷಣದಲ್ಲೇ, ಅದು ಮುಗಿಯೋ ಎರಡು ದಿನ ಮೊದಲಿಗೆ ಫೋನಲ್ಲಿ ರಿಮೈಂಡರ್ ಇಡಿ. ಆಮೇಲೆ ಇಡ್ತೀನಿ ಅಂದ್ಕೊಂಡ್ರೆ ಇಡಲ್ಲ. ನಾನು ಇಡಲಿಲ್ಲ.

ಈಗ ನಮ್ಮನೆಯಲ್ಲಿ

ಆ 2,399 ವಾಪಸ್ ಬರಲಿಲ್ಲ. ಬೌನ್ಸ್ ಚಾರ್ಜ್ ಸೇರಿಸಿ ಅಪ್ಪನ ಅಕೌಂಟಿಗೆ ನಾನು ಹಾಕಿದೆ. ಬೇಡ ಅಂದ್ರು, ಆದ್ರೂ ಹಾಕಿದೆ. ಆ ತಪ್ಪಿದ ಕಂತನ್ನ ಅವರು ಮಾರನೇ ದಿನವೇ ಹೋಗಿ ಕಟ್ಟಿ ಬಂದಿದ್ರು.

ಈಗ ಊರಿಗೆ ಹೋದಾಗಲೆಲ್ಲ ಒಂದು ಕೆಲಸ ಮಾಡ್ತೀವಿ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ, ನಾನು, ತಂಗಿ ಕೂತು ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆಗೀತೀವಿ. ಮೊದಲ ಸಲ ತೆಗೆದಾಗ ಅದರಲ್ಲಿ ಇನ್ನೊಂದು ಮ್ಯಾಂಡೇಟ್ ಇತ್ತು, ಯಾವುದೋ ಹಾಡಿನ ಆ್ಯಪ್. ಯಾವಾಗ ಹಾಕಿದ್ದು ಅಂತ ಮೂವರಿಗೂ ನೆನಪಿಲ್ಲ. ಅಲ್ಲೇ ರದ್ದು ಮಾಡಿದ್ವಿ. ಎರಡು ನಿಮಿಷದ ಕೆಲಸ.

ಹೋದ ತಿಂಗಳು ತಂಗಿ ಡಿಗ್ರಿಗೆ ಬೇಕು ಅಂತ ಒಂದು ಆ್ಯಪ್ ತೋರಿಸಿದ್ಲು. ಅವಳದ್ದೇ ಅಕೌಂಟ್ ಈಗ, 300 ರೂಪಾಯಿ ಹಾಕಿಟ್ಟಿದ್ಲು. ಆದ್ರೂ ಅಪ್ಪ ಕನ್ನಡಕ ತಗೊಂಡು "ಕೊಡು ಇಲ್ಲಿ, ಎಷ್ಟು ತಿಂಗಳಿಗೆ ಅಂತ ಬರೆದಿದೆ ನೋಡ್ತೀನಿ" ಅಂದ್ರು. ಸ್ಕ್ರೀನನ್ನ ಪೂರ್ತಿ ಓದಿದ್ರು. ನನ್ನ ಮುಖ ನೋಡಲಿಲ್ಲ. ನನಗೆ ಸಮಾಧಾನ ಆಯ್ತು.

ಇವತ್ತಿನ ನಿಮ್ಮ ಕೆಲಸ ಇಷ್ಟೇ. ಈ ಸಂಚಿಕೆ ಮುಗಿದ ತಕ್ಷಣ, ಇನ್ನೊಂದು ರೀಲ್ ನೋಡೋ ಮೊದಲು, ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ನೋಡಿ. ಗುರುತು ಸಿಗದ ಹೆಸರು ಇದ್ರೆ ಏನು ಅಂತ ವಿಚಾರಿಸಿ, ಬೇಡದ್ದಾದ್ರೆ ತೆಗೀರಿ. ಆಮೇಲೆ ಅದನ್ನೇ ಅಪ್ಪನದೋ ಅಮ್ಮನದೋ ಫೋನಲ್ಲೂ ಮಾಡಿ, ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು.